ನಾಗಂದಿಗೆ ಮುಟ್ಟುವ ಹುಡುಗ

ಹೋದ ಭಾನುವಾರ ಲಿಂಗಸುಗೂರಿನ ಮೈದಾನದಲ್ಲಿ ನನ್ನ ಮೊಮ್ಮಗ ಎದುರು ಪಾರ್ಟಿಯವರಿಗೆ ಚೆಂಡು ಕೊಟ್ಟ. ಕೈಜಾರಿ ಕೊಟ್ಟದ್ದಲ್ಲ. ಅವರು ಕೇಳಿದರು, ಇವನು ಕೊಟ್ಟ. ಒಮ್ಮೆ ಅಲ್ಲ, ಕೇಳಿದಾಗಲೆಲ್ಲ ಕೊಟ್ಟ.

ಕೊಡುವಾಗ ಎರಡೂ ಕೈಯಿಂದ ಕೊಟ್ಟ. ಅದು ನಾನು ಕಲಿಸಿದ್ದು.

(ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗುವಿರಂತೆ.)

ಮೊಮ್ಮಗನ ಹೆಸರು ಅಮರೇಶ. ವಯಸ್ಸು ಹತ್ತೊಂಬತ್ತು. ಮಸ್ಕಿ ಸಂತೆಗೆ ಬರುವವರಿಗೆ ಅವನ ಗುರುತು ಹೇಳಬೇಕಾಗಿಲ್ಲ. ಜನರ ತಲೆಗಳ ಮೇಲೆ ಇನ್ನೊಂದು ತಲೆ ನಡೆದುಕೊಂಡು ಹೋಗುತ್ತಿದ್ದರೆ ಅದು ಅವನದೇ. ನಮ್ಮ ಮನೆ ಬಾಗಿಲು ಅವನ ಗದ್ದಕ್ಕೆ ಬರುತ್ತದೆ. ಹೊರಸಿನ ಮೇಲೆ ಮಲಗಿದರೆ ಮೊಣಕಾಲಿನಿಂದ ಕೆಳಗಿನದೆಲ್ಲ ಹೊರಗೆ. ಅಂಗಿಯ ಅಳತೆ ತೆಗೆದುಕೊಳ್ಳಬೇಕಾದರೆ ದರ್ಜಿ ಕುರ್ಚಿ ಹತ್ತುತ್ತಾನೆ.

ರಜಾಕಾರರ ಗದ್ದಲದ ವರ್ಷ ಇವನಿಗೆ ಹನ್ನೊಂದು. ನೋಡಿದವರಿಗೆ ಇಪ್ಪತ್ತು. ಹೊರಗೆ ಬಿಟ್ಟರೆ ಯಾರಾದರೂ ಗಂಡಸೆಂದೇ ತಿಳಿದು ಬಡಿದಾರು ಎಂದು ಜೋಳದ ಚೀಲಗಳ ಹಿಂದೆ ಕೂಡಿಸಿದೆವು. ಕೂತರೂ ತಲೆ ಕಾಣುತ್ತಿತ್ತು. ತಲೆಯ ಮೇಲೂ ಒಂದು ಖಾಲಿ ಚೀಲ ಹೊದಿಸಿದೆವು. ಆವತ್ತು ಅವನ ಎತ್ತರಕ್ಕೆ ನಾನು ಹಾಕಿದ ಶಾಪ ನನಗೇ ಗೊತ್ತು.

ಆದರೆ ಮನೆಯಲ್ಲಿ ಇಷ್ಟುದ್ದದ ಹುಡುಗ ಇದ್ದರೆ ಉಪಯೋಗವೂ ಉಂಟು. ನಮ್ಮ ಮನೆಗಳಲ್ಲಿ ಗೋಡೆಯ ಮೇಲ್ತುದಿಗೆ ನಾಗಂದಿಗೆ ಇರುತ್ತದೆಯಲ್ಲ, ಆ ಮರದ ಹಲಗೆ. ದಿನಾ ಬೇಕಾಗದ ಪಾತ್ರೆ, ಹಪ್ಪಳದ ಡಬ್ಬಿ, ಉಪ್ಪಿನಕಾಯಿಯ ಭರಣಿ ಎಲ್ಲ ಅಲ್ಲೇ. ಸೊಸೆ ಒಲೆಯ ಮುಂದೆ ಕೂತು ಒಂದು ಕೂಗು ಹಾಕಿದರೆ ಸಾಕು, ಇವನು ಕೈ ಎತ್ತುತ್ತಾನೆ, ಇಳಿಸುತ್ತಾನೆ, ಕೊಡುತ್ತಾನೆ. ಪಕ್ಕದ ಮನೆಯವರಿಗೂ ಇವನೇ. ಸಂತೆಯ ದಿನವಂತೂ ಕೇಳುವುದೇ ಬೇಡ. ನೆರಳಿನ ಬಟ್ಟೆ ಕಟ್ಟುವವರು, ಬೇವಿನ ಕೊಂಬೆಗೆ ತಕ್ಕಡಿ ತೂಗುಹಾಕುವವರು, ಎಲ್ಲರದೂ ಒಂದೇ ಮಾತು: "ಅಮರೇಶಪ್ಪಾ, ಒಂಚೂರು ಕೈ ಚಾಚಪಾ."

ಕೇಳಿದವರಿಗೆ ಇಲ್ಲ ಅನ್ನಬಾರದು, ಕೊಟ್ಟರೆ ಎರಡು ಕೈಯಿಂದ ಕೊಡಬೇಕು. ಅವನಿಗೆ ನಡೆಯಲು ಬಂದಾಗಿನಿಂದ ಇದನ್ನು ಹೇಳಿಕೊಟ್ಟಿದ್ದೇನೆ. ಬೇರೆ ವಿದ್ಯೆ ಅವನ ತಲೆಗೆ ಹತ್ತಲಿಲ್ಲ. ಇದು ಹತ್ತಿತು.

ಇಂಥವನನ್ನು ನಮ್ಮೂರಿನ ಡ್ರಿಲ್ ಮಾಸ್ತರು ಸಂತೆಯಲ್ಲಿ ನೋಡಿದರು. ಕಾಲುವೆ ಕೆಲಸಕ್ಕೆ ಬಂದವರು ಸಿಂಧನೂರು ಕ್ಯಾಂಪಿನಲ್ಲಿ ಬಾಸ್ಕೆಟ್‌ಬಾಲ್ ಎಂಬ ಆಟ ಶುರುಮಾಡಿದ್ದರಂತೆ. ಮಾಸ್ತರಿಗೂ ಮಸ್ಕಿಯಲ್ಲಿ ಒಂದು ಟೀಮು ಕಟ್ಟಬೇಕೆಂಬ ಹುಚ್ಚು. ಕಂಬ ನೆಟ್ಟರು. ಕಂಬಕ್ಕೆ ಹಲಗೆ, ಹಲಗೆಗೆ ಕಬ್ಬಿಣದ ಬಳೆ, ಬಳೆಗೊಂದು ಜಾಳಿಗೆ. ನಾನು ಹೋಗಿ ನೋಡಿದೆ. ಜಾಳಿಗೆಗೆ ತಳವೇ ಇಲ್ಲ. ಹಾಕಿದ್ದು ನಿಲ್ಲದ ಬುಟ್ಟಿಗೆ ಹತ್ತು ಮಂದಿ ಬಡಿದಾಡುತ್ತಾರೆಂದರೆ ಅದಕ್ಕೆ ಏನನ್ನಬೇಕು?

ಆದರೂ ಹುಡುಗ ಒಂದೇ ವರ್ಷದಲ್ಲಿ ಕಲಿತ. ಓಡುವುದನ್ನು ಕಲಿತ, ಹಾರುವುದನ್ನು ಕಲಿತ. ಮುದಗಲ್ಲಿನ ಹುಡುಗರ ಮೇಲೆ ಆಡಿ ಗೆದ್ದೂ ಬಂದ. (ಆ ಹುಡುಗರು ಇವನ ಹತ್ತಿರ ಬರಲೇ ಹೆದರಿದರಂತೆ. ಹತ್ತಿರ ಬಂದು ಕೇಳಿದ್ದರೆ ಇವನ ಬಂಡವಾಳ ಆವತ್ತೇ ಬಯಲಾಗುತ್ತಿತ್ತು.)

ಅವನಪ್ಪ ಶರಣಪ್ಪ, ನನ್ನ ಮಗ, ಕಿರಾಣಿ ಅಂಗಡಿಯವನು. ಅವನಿಗೆ ಈ ಆಟವೆಂದರೆ ಮೈಯೆಲ್ಲ ಉರಿ. ಭಾನುವಾರದ ಮ್ಯಾಚು ನೋಡಲು ಹೈದರಾಬಾದಿನಿಂದ ಒಬ್ಬ ಕೋಚ್ ಸಾಹೇಬರು ಬರುತ್ತಾರೆ, ಒಬ್ಬ ಹುಡುಗನನ್ನು ಆರಿಸಿಕೊಂಡು ಹೋಗಿ ಅಲ್ಲೇ ಇಟ್ಟುಕೊಂಡು ತಯಾರು ಮಾಡುತ್ತಾರೆ ಎಂದು ಸುದ್ದಿ ಬಂದಾಗ ಅವನು ಒಂದೇ ಮಾತಿನಲ್ಲಿ ಮುಗಿಸಿದ.

"ಆರಿಸಿಕೊಂಡ್ರ ಹೋಗ್ಲಿ. ಇಲ್ಲಂದ್ರ ಸೋಮವಾರದಿಂದ ಅಂಗಡ್ಯಾಗ ಕುಂದ್ರಬೇಕು. ಚೆಂಡಿನ ಹೆಸರು ಎತ್ತಂಗಿಲ್ಲ. ಅವ್ವಾ, ನೀನ ಹೋಗಿ ನೋಡಿ ಬಾ. ಮಾಸ್ತರ ಮಾತು ನಾ ನಂಬಂಗಿಲ್ಲ."

ಅಮರೇಶ ಆವತ್ತು ಬಾಗಿಲಲ್ಲಿ ಬಗ್ಗುವುದನ್ನು ಮರೆತು ಹಣೆ ಬಡಿಸಿಕೊಂಡ. ಅಲ್ಲಿಗೆ ನನಗೆ ಗೊತ್ತಾಯಿತು, ಹುಡುಗನ ಜೀವ ಎಲ್ಲಿದೆ ಎಂದು.

ಮ್ಯಾಚು ಸಿಂಧನೂರು ಕ್ಯಾಂಪಿನವರ ಮೇಲೆ. ಅವರದು ಕೆಂಪು ಬನಿಯನ್, ನಮ್ಮವರದು ಬಿಳಿ. ಅವರಲ್ಲಿ ವೆಂಕಟ ಎಂಬ ಗಿಡ್ಡ ಹುಡುಗನೊಬ್ಬನಿದ್ದ. ಭಾರೀ ಚೂಟಿ. ಶುರುವಿಗೇ ಯಾರೋ ಎಸೆದ ಚೆಂಡು ಬಳೆಗೆ ಬಡಿದು ಹಾರಿತು. ಎಲ್ಲರೂ ಜಿಗಿದರು. ಅಮರೇಶ ಸುಮ್ಮನೆ ಕೈ ಎತ್ತಿ ಇಳಿಸಿಕೊಂಡ, ಭರಣಿ ಇಳಿಸಿಕೊಂಡ ಹಾಗೆ. ಆ ವೆಂಕಟ ಎದುರಿಗೆ ನಿಂತು ಬೊಗಸೆ ಚಾಚಿ, "ಅಣ್ಣಾ, ಇತ್ತ ಕೊಡಣ್ಣಾ" ಅಂದ.

ಕೊಟ್ಟುಬಿಟ್ಟ.

ಮೈದಾನದ ಮಂದಿ ನಕ್ಕ ಸದ್ದು ಮುದಗಲ್ಲಿಗೂ ಕೇಳಿರಬೇಕು. ಆಮೇಲೆ ಕೆಂಪು ಬನಿಯನ್ನಿನವರಿಗೆ ದಾರಿ ಸಿಕ್ಕಿತು. ಹೊಡೆಯುವುದಿಲ್ಲ, ಕಸಿಯುವುದಿಲ್ಲ. ಕೈಚಾಚಿ ಅಣ್ಣಾ ಅನ್ನುವುದು, ಇವನು ಕೊಡುವುದು. ಕುರ್ಚಿಯ ಮೇಲೆ ಕೂತಿದ್ದ ಕೋಚ್ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅರ್ಧ ಆಟಕ್ಕೆ ಸೀಟಿ ಊದಿದಾಗ ಮಾಸ್ತರು ಅವನನ್ನು ನನ್ನ ಮುಂದೆಯೇ ಹಿಡಿದುಕೊಂಡರು.

"ಲೇ, ಕೆಂಪು ಬನಿಯನ್ನಿನವ್ರಿಗೆ ಯಾಕ ಕೊಡಾಕತ್ತೀಯಲೇ?"

"ಕೇಳಿದ್ರಲ್ರೀ ಸರ."

"ಕೇಳಿದ್ರ ಕೊಡ್ತಾರೇನಲೇ?"

"ಮತ್ತೇನ್ ಮಾಡ್ತಾರ್ರೀ?"

ಮಾಸ್ತರು ನನ್ನ ಕಡೆ ತಿರುಗಿದರು. "ನೀವ ಹೇಳ್ರೀ ಇವಗ. ನನ್ನ ಕೈಲಿ ಆಗಂಗಿಲ್ಲ."

ನಾನೇನು ಹೇಳಲಿ? ಹತ್ತೊಂಬತ್ತು ವರ್ಷ ಕೊಡು ಕೊಡು ಎಂದು ಹೇಳಿ, ಈಗ ಒಂದು ಗುಟುಕು ನೀರು ಕುಡಿಯುವ ಹೊತ್ತಿನಲ್ಲಿ ಕೊಡಬೇಡ ಎಂದರೆ ತಲೆಗೆ ಹೋಗುತ್ತದೆಯೇ? ಆಗ ಒಂದು ಡಬ್ಬಿ ನೆನಪಾಯಿತು.

ನಮ್ಮ ಮನೆಯಲ್ಲಿ ಅವನು ಯಾರಿಗೂ ಕೊಡದ ವಸ್ತು ಒಂದಿದೆ. ಪಂಚಮಿ ಉಂಡಿಯ ಡಬ್ಬಿ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ನಾಗಪ್ಪನ ಪೂಜೆ ಆಗುವ ತನಕ ಮಕ್ಕಳ ಕೈಗೆ ಸಿಗಬಾರದೆಂದು ನಾಗಂದಿಗೆಯ ಮೇಲಿಡುತ್ತೇವೆ. ಅದರ ಕಾವಲು ಇವನದು. ಓಣಿಯ ಹುಡುಗರೆಲ್ಲ ಕಾಲಿಗೆ ಜೋತುಬಿದ್ದರೂ ಡಬ್ಬಿಯನ್ನು ಮೇಲೆತ್ತಿ ಹಿಡಿದು ನಗುತ್ತ ನಿಂತಿರುತ್ತಾನೆಯೇ ಹೊರತು ಒಂದು ಉಂಡಿ ಕೊಡುವುದಿಲ್ಲ.

"ಅಮರ್ಯಾ, ಇಲ್ಲಿ ಕೇಳು," ಅಂದೆ. "ಅದು ಚೆಂಡಲ್ಲ, ಉಂಡಿ ಡಬ್ಬಿ. ಪೂಜಿ ಇನ್ನೂ ಆಗಿಲ್ಲ. ಆ ಕಬ್ಬಿಣದ ಬಳಿ ಐತಲ್ಲ, ಅದು ನಾಗಂದಿಗಿ. ಯಾರು ಕೇಳಿದ್ರೂ ಕೊಡಬ್ಯಾಡ. ತಿರುಗಿ ಮ್ಯಾಲ ಇಡು."

ಅವನು ನನ್ನನ್ನೇ ನೋಡಿದ. "ಹಂಗಂತ ಮೊದಲ ಹೇಳಬಾರದಾಗಿತ್ತೇನ ಆಯಿ?"

ಆಮೇಲಿನದನ್ನು ನೀವು ನೋಡಬೇಕಿತ್ತು. ವೆಂಕಟ ಬಂದು ಬೊಗಸೆ ಚಾಚಿದ. ಅಮರೇಶ ಚೆಂಡನ್ನು ಒಂದೇ ಕೈಯಲ್ಲಿ ಆಕಾಶಕ್ಕೆ ಎತ್ತಿದ. ಕೆಂಪು ಬನಿಯನ್ನಿನ ಮೂವರು ಸುತ್ತ ಕುಣಿದರು, ಜೋತುಬಿದ್ದರು. ಇವನು ಅವರನ್ನು ಎಳೆದುಕೊಂಡೇ ಹೋದ, ಒಂದಿಷ್ಟು ಹಾರಿದ, ಚೆಂಡನ್ನು ಬಳೆಯೊಳಗೆ ಇಟ್ಟ. ಎಸೆಯಲಿಲ್ಲ ನೋಡಿ, ಇಟ್ಟ. ಮತ್ತೆ ಇಳಿಸಿಕೊಂಡ, ಮತ್ತೆ ಇಟ್ಟ. ಮೊದಲು ನಕ್ಕಿದ್ದ ಮಂದಿಯೇ ಈಗ ರುಮಾಲು ತೆಗೆದು ಬೀಸುತ್ತಿದ್ದರು. ನನಗೂ ಕೂತಲ್ಲಿ ಕೂರಲಾಗಲಿಲ್ಲ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ ಯಾರಿಗೆ ಗೊತ್ತು.

ಆದರೆ ಹುಡುಗನ ಬುದ್ಧಿ ನೋಡಿ. ಯಾರಿಗೂ ಕೊಡಬೇಡ ಎಂದಿದ್ದೆನಲ್ಲ, ನಮ್ಮವರಿಗೂ ಕೊಡಲಿಲ್ಲ. ನಾಲ್ವರು ಕೆಂಪು ಬನಿಯನ್ನಿನವರು ಇವನನ್ನು ಗೋಡೆಯ ಹಾಗೆ ಮುತ್ತಿಕೊಂಡರು. ದರ್ಜಿಯ ಮಗ ಹುಸೇನಿ, ನಮ್ಮ ಟೀಮಿನ ಎಲ್ಲರಿಗಿಂತ ಗಿಡ್ಡವನು, ಬಳೆಯ ಕೆಳಗೆ ಒಬ್ಬನೇ ನಿಂತು ಬೇಡಿಕೊಳ್ಳುತ್ತಿದ್ದ.

"ಅಮರೇಶಣ್ಣ, ನನಗ ಕೊಡು. ನಾ ನಿನ್ನ ಪಾರ್ಟಿಯವನು."

"ಪಂಚಮಿ ಆಗ್ಲಿ, ತಡಿ."

ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು. ನಾನು ಎದ್ದು ಗೆರೆಯ ತನಕ ಹೋಗಿ ಕೂಗಿದೆ: "ಲೇ ಅಮರ್ಯಾ, ಬಿಳಿ ಬನಿಯನ್ನಿನವ್ರದು ಪೂಜಿ ಆಗೈತಿ. ಅವರಿಗೆ ಕೊಡು."

ಕೊಟ್ಟ. ನಾಲ್ಕು ತಲೆಗಳ ಮೇಲಿನಿಂದ ಹುಸೇನಿಯ ಬೊಗಸೆಗೆ ನೆಟ್ಟಗೆ ಇಳಿಸಿದ. ಹುಸೇನಿ ಹಾಕಿದ. ಆಮೇಲೆ ಇನ್ನೊಬ್ಬನಿಗೆ ಕೊಟ್ಟ, ಅವನೂ ಹಾಕಿದ. ಚೆಂಡು ಕೈಗೆ ಬಂದ ಕೂಡಲೇ ಇವನು ಕೆಳಗೆ ಯಾರು ಕೈಚಾಚಿದ್ದಾರೆಂದು ನೋಡುತ್ತಿದ್ದ. ಅವನಿಗೆ ಅದು ಆಟವೇ ಅಲ್ಲ, ಮನೆಗೆಲಸ.

ಸೋತೆವು. ಒಂದೇ ಒಂದು ಬುಟ್ಟಿಯಿಂದ. ಮೊದಲರ್ಧದ ದಾನ ಕಡಿಮೆಯೇನು?

ಅಮರೇಶ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತ. "ಆತು ಆಯಿ. ನಾಳಿಂದ ಅಂಗಡಿ," ಅಂದ. ಅಷ್ಟು ದೊಡ್ಡ ದೇಹ ಎಷ್ಟು ಸಣ್ಣದಾಗಿ ಕೂರಬಹುದು ಎಂದು ಆವತ್ತು ನೋಡಿದೆ.

ಅಷ್ಟರಲ್ಲಿ ಕೋಚ್ ಸಾಹೇಬರು ಎದ್ದು ನಮ್ಮ ಕಡೆ ಬಂದರು. ಅವರದು ಉರ್ದು. ಮಾಸ್ತರು ನನಗೆ ಕನ್ನಡದಲ್ಲಿ ಹೇಳಿದರು. ಸಾಹೇಬರು ಎತ್ತರದ ಹುಡುಗರನ್ನು ಬಹಳ ನೋಡಿದ್ದಾರಂತೆ. ಚೆಂಡು ಕೈಗೆ ಸಿಕ್ಕಿತೆಂದರೆ ಅವರಿಗೆ ಕೆಳಗಿನವರು ಕಾಣುವುದೇ ಇಲ್ಲವಂತೆ. ಇವನಿಗೆ ಕಾಣುತ್ತಾರೆ. ಯಾರಿಗೆ ಕೊಡಬೇಕು ಎನ್ನುವುದನ್ನು ಸಾಹೇಬರು ಕಲಿಸಬಲ್ಲರು, ಕೊಡುವುದನ್ನು ಕಲಿಸಲು ಅವರಿಗೆ ಬರುವುದಿಲ್ಲ. ಇನ್ನು ನಾಲ್ಕು ವರ್ಷ ಬಿಟ್ಟು ನೋಡಿ, ಹುಡುಗ ದೇಶದ ಬನಿಯನ್ ಹಾಕಿಕೊಂಡು ಆಡುತ್ತಾನೆ ಅಂದರು.

"ಮೊದಲ ಅವನ ಅಳತಿಗೆ ಬನಿಯನ್ ಸಿಗ್ಲಿ ಅನ್ರಿ," ಅಂದೆ.

ಸಾಹೇಬರು ನಕ್ಕರು. ಅಮರೇಶ ಎದ್ದು ನಿಂತ. ಪೂರ್ತಿ ನಿಂತ. ಬಗ್ಗದೆ ನೆಟ್ಟಗೆ ನಿಂತದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಮನೆಯೊಳಗೆ ಅದಕ್ಕೆ ಜಾಗವೆಲ್ಲಿದೆ?

ಬಸ್ಸಿನಲ್ಲಿ ಬರುವಾಗ ಸಾಹೇಬರ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಜಾಗೀರದಾರರು ಹೋದರು, ನವಾಬರ ಕಾಲ ಮುಗಿಯಿತು. ನಮ್ಮ ನಡುವಿನವರೇ ಎಷ್ಟೋ ಮಂದಿ ಈಗ ಮೇಲಿದ್ದಾರೆ. ಅವರ ಕೈ ನಾಗಂದಿಗೆ ಮುಟ್ಟುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಡಬ್ಬಿ ಇಳಿಸಿಕೊಂಡ ಮೇಲೆ ಕೆಳಗೆ ನೋಡುವವರು ಎಷ್ಟು ಜನ? ಮುಂದಿನ ಸಲ ವೋಟು ಕೇಳಲು ಬಂದವರನ್ನು ಒಂದು ಆಟ ಆಡಿಸಿ ನೋಡಬೇಕು.

ಮನೆಗೆ ಬಂದರೆ ಶರಣಪ್ಪ ಬಾಗಿಲಲ್ಲೇ ಕಾದಿದ್ದ. ಸುದ್ದಿ ನಮಗಿಂತ ಮುಂಚಿನ ಬಸ್ಸಿಗೇ ಬಂದಿತ್ತು.

"ಸೋತು ಬಂದಾನಂತಲ್ಲ."

"ಸೋತಾನ. ಆರಿಸಿಕೊಂಡಾರ. ನಿನ್ನ ಮಾತು ನಡಸು."

ಶರಣಪ್ಪ ಅಂದ: "ಅಲ್ಲವ್ವಾ, ಅಂಗಡ್ಯಾಗ ಮ್ಯಾಲಿನ ಹಲಗಿ ಮ್ಯಾಲಿನ ಡಬ್ಬಿ ಯಾರು ಇಳಸ್ತಾರ?"

"ಏಣಿ ತಗೋ," ಅಂದೆ. "ಮಗನ್ನ ಏಣಿ ಮಾಡಕೋಬ್ಯಾಡ."

ಗುರುವಾರ ಹುಡುಗ ಹೈದರಾಬಾದಿಗೆ ಹೋದ. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಉಂಡಿ ಕೇಳಿದ, ಕೊಡಲಿಲ್ಲ. ಪೂಜೆಗೆ ಮೊದಲು ಉಂಡಿ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ದೇಶದ ಬನಿಯನ್ ಹಾಕುವವನಿರಲಿ, ಯಾರೇ ಇರಲಿ. ನಕ್ಕು, ಡಬ್ಬಿಯನ್ನು ನಾಗಂದಿಗೆಯ ಮೇಲಿಟ್ಟು, ಗೋಡೆಯ ತನಕ ಒಳಗೆ ತಳ್ಳಿ ಬಸ್ಸು ಹತ್ತಿದ. ಶರಣಪ್ಪ ಹೊಸ ಏಣಿ ತಂದಿದ್ದಾನೆ. ನಿನ್ನೆ ಹತ್ತಿ ಕೈ ಚಾಚಿ ನೋಡಿದ, ಡಬ್ಬಿ ಎಟುಕಲಿಲ್ಲ.

ಪಂಚಮಿ ನಾಳೆ. ಉಂಡಿ ಇಳಿಸುವವರು ಯಾರು?