ಚಕ್ರದಕ್ಕ ಮತ್ತು ಮುರಿಯದ ಕಾಲು

ಚಕ್ರದಕ್ಕನ ಸಿಟ್ಟಿಗೆ ಕಾರಣವೇ ಬೇಕಾಗಿರಲಿಲ್ಲ. ಬೋಲ್ಟು ಸರಿಯಾಗಿ ಕೂರದಿದ್ದರೆ ಸಿಟ್ಟು. ಮೊದಲ ಸಲಕ್ಕೇ ಕೂತುಬಿಟ್ಟರೆ, ಇದರಲ್ಲೇನೋ ಮೋಸ ಇದೆ ಎಂದು ಇನ್ನೂ ಹೆಚ್ಚು ಸಿಟ್ಟು. ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನಗಳ ಶೆಡ್ಡಿನಲ್ಲಿ ಅವಳಿಗೆ ಕೆಲಸ. ಚಕ್ರ, ಬ್ರೇಕು, ಚಕ್ರಗಳನ್ನು ಹೊತ್ತ ಕಾಲು, ಇವು ಅವಳ ಪಾಲಿನವು. ಬರೆಯುವಾಗ ಲ್ಯಾಂಡಿಂಗ್ ಗೇರ್ ಎಂದು ಬರೆಯುತ್ತಿದ್ದರು. ಬಾಯಲ್ಲಿ ಎಲ್ಲರೂ ಕಾಲು ಅಂತಲೇ ಅನ್ನುತ್ತಿದ್ದರು. ಅವಳು ಮಂಡಿಯೂರಿ ಕಾಲಿನ ಕೆಳಗೆ ಕೂತಿದ್ದಾಗ ಹತ್ತಿರ ಸುಳಿದು ಕ್ಷೇಮ ವಿಚಾರಿಸಿದವರು ಪಶ್ಚಾತ್ತಾಪಪಟ್ಟದ್ದೇ ಹೆಚ್ಚು.

ಆ ಸಿಟ್ಟಿನಿಂದ ತಪ್ಪಿಸಿಕೊಂಡ ಒಬ್ಬನೇ ಒಬ್ಬ ಅವಳ ತಮ್ಮ. ಅಮ್ಮ ತೀರಿಕೊಂಡಾಗ ಅವನಿನ್ನೂ ತೊದಲು ಮಾತಿನ ಕೂಸು. ಅವನನ್ನು ಎತ್ತಿ ಆಡಿಸಿದವಳು, ಶಾಲೆಗೆ ಸೇರಿಸಿದವಳು, ಅವನಿಗೆ ಹೊಡೆದ ಹುಡುಗರ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆದವಳು ಎಲ್ಲ ಇವಳೇ. ಅವನು ಬೆಳೆದು ಅದೇ ಶೆಡ್ಡಿನ ವಿಮಾನ ಹಾರಿಸತೊಡಗಿದ ಮೇಲೂ ಈ ಚಾಳಿ ಬಿಡಲಿಲ್ಲ. ಅವನು ಹತ್ತುವ ವಿಮಾನದ ಕಾಲನ್ನು ಬೇರೆ ಯಾರಾದರೂ ಮುಟ್ಟಿದರೆ ಸ್ಪ್ಯಾನರ್ ಹಿಡಿದೇ ಬರುತ್ತಿದ್ದಳು. ಅವನಿಗೆ ಮದುವೆಯಾದ ಮೇಲೂ ಮೂವರೂ ಒಂದೇ ಮನೆಯಲ್ಲಿದ್ದರು. ತಮ್ಮನ ಹೆಂಡತಿ ಜಾಣೆ, ಅಕ್ಕ ಗುಡುಗಿದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದಳು.

ಅಡ್ಡ ಗಾಳಿ ಬೀಸುತ್ತಿದ್ದ ಒಂದು ಸಂಜೆ ತಮ್ಮ ವಿಮಾನವನ್ನು ನೆಲಕ್ಕೆ ಅಪ್ಪಳಿಸಿಬಿಟ್ಟ. ವಿಮಾನದ ಎಡಗಾಲು ಮಡಚಿಕೊಂಡಿತು, ರೆಕ್ಕೆ ಮಣ್ಣನ್ನು ಉಜ್ಜಿಕೊಂಡು ಹೋಯಿತು. ಬಿರುಕು ಬಿಟ್ಟಿದ್ದ ತಮ್ಮನ ಮಣಿಕಟ್ಟು ಕೆಲವು ವಾರಗಳಲ್ಲಿ ಕೂಡಿಕೊಂಡಿತು, ಧೈರ್ಯ ಮಾತ್ರ ಕೂಡಲಿಲ್ಲ. ಪರೀಕ್ಷಕರ ಮುಂದೆ ಹಾರಿಸಿ ಪಾಸಾದರೆ ಮತ್ತೆ ಸೀಟು, ಇಲ್ಲದಿದ್ದರೆ ಇಲ್ಲ ಎಂದು ಕಂಪನಿಯವರು ಕೈ ತೊಳೆದುಕೊಂಡರು. “ಅವನ ಕೈ ಹೋಯ್ತು ಬಿಡಿ” ಎಂದು ಮ್ಯಾನೇಜರು ಯಾರಿಗೋ ಹೇಳಿದ್ದು ಚಕ್ರದಕ್ಕನ ಕಿವಿಗೆ ಬಿತ್ತು. ಗ್ರೀಸು ಮೆತ್ತಿದ ಕೈಯಲ್ಲೇ ಮ್ಯಾನೇಜರರ ಕೋಣೆಗೆ ನುಗ್ಗಿದಳು. ಬೆಳಗಿನಿಂದ ಊಟಕ್ಕೂ ಬಿಡದೆ ಹಾರಿಸಿದವರು ಯಾರು, ಅಡ್ಡ ಗಾಳಿಯಲ್ಲಿ ಇನ್ನೊಂದು ಸುತ್ತು ಎಂದವರು ಯಾರು ಎಂದು ಜನ್ಮ ಜಾಲಾಡಿದಳು. ಕೋಣೆಯಿಂದ ಹೊರಗೆ ಬಂದಾಗ ಮ್ಯಾನೇಜರರ ಮೇಜಿನ ಗಾಜಿನ ಮೇಲೆ ಅವಳ ಐದೂ ಬೆರಳು ಕರ್ರಗೆ ಮೂಡಿದ್ದವು.

ಜಗಳದಿಂದ ತಮ್ಮನ ಕೈ ಸರಿಹೋಗುವುದಿಲ್ಲವಲ್ಲ. ಅವಳು ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟು, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ, ಪರದೆಯ ಮೇಲೆ ವಿಮಾನ ಹಾರಿಸಿ ಕಲಿಯುವ ಸಿಮ್ಯುಲೇಟರ್ ಹಾಕಿಸಿದಳು. ಕಾಲಿನಲ್ಲಿ ಒತ್ತುವ ಪೆಡಲುಗಳನ್ನು ಗುಜರಿ ಕಬ್ಬಿಣದಲ್ಲಿ ತಾನೇ ವೆಲ್ಡ್ ಮಾಡಿದಳು. ಶೆಡ್ಡಿನಲ್ಲಿದ್ದಂಥದೇ ವಿಮಾನ ಅದರಲ್ಲೂ ಸಿಕ್ಕಿತು, ಆದರೆ ಅದರ ಕಾಲು ನೋಡಿ ಅವಳಿಗೆ ಮೈ ಉರಿಯಿತು. “ಇದು ಕಾಲಾ? ಮಂಚದ ಕಾಲು ಇದಕ್ಕಿಂತ ವಾಸಿ” ಎಂದು ಬೈಯುತ್ತಲೇ ಸೆಟ್ಟಿಂಗು ತೆರೆದಳು. ಚಕ್ರ ಎಲ್ಲೆಲ್ಲಿ ನೆಲ ಮುಟ್ಟಬೇಕು, ಸ್ಪ್ರಿಂಗು ಎಷ್ಟು ಗಟ್ಟಿ ಇರಬೇಕು, ಕುಪ್ಪಳಿಸದಂತೆ ತಡೆಯುವ ಡ್ಯಾಂಪರ್ ಎಷ್ಟು ಬಿಗಿ ಇರಬೇಕು, ಎಷ್ಟು ಹೊಡೆತ ಬಿದ್ದರೆ ಕಾಲು ಮುರಿಯಬೇಕು, ಎಲ್ಲವನ್ನೂ ಅಲ್ಲಿ ತುಂಬಬಹುದಿತ್ತು. ಶೆಡ್ಡಿನ ಕಾಲು ಹೇಗಿತ್ತೋ ಹಾಗೆಯೇ ತುಂಬಿದಳು.

ತಮ್ಮ ಕೂತ. ಹಾರಿಸುವುದರಲ್ಲಿ ತೊಂದರೆಯೇ ಇರಲಿಲ್ಲ. ಚಕ್ರ ಇನ್ನೇನು ನೆಲಕ್ಕೆ ತಾಗಬೇಕು ಎನ್ನುವಾಗ ವಿಮಾನ ನಡೆಸುವ ಕೋಲನ್ನು ಮೆಲ್ಲಗೆ ಎಳೆದು ಅದರ ಮೂಗು ಎತ್ತಬೇಕು. ಅಲ್ಲಿ ಅವನ ಕೈ ಕಲ್ಲಾಗುತ್ತಿತ್ತು. ಧಡ್ ಎಂದು ವಿಮಾನ ಬಿತ್ತು, ಎಗರಿತು, ಕಾಲು ಮುರಿಯಿತು, ಪರದೆ ನಿಂತುಹೋಯಿತು. ಇನ್ನೊಮ್ಮೆ ಹಾಗೆಯೇ. ಮತ್ತೊಮ್ಮೆಯೂ ಹಾಗೆಯೇ. ಅವನು ಎದ್ದುಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಊಟಕ್ಕೆ ಕರೆದರೂ ಏಳಲಿಲ್ಲ. ಆ ಕೋಣೆಯ ಕಡೆ ಅವನು ಹಾಯಲೇ ಇಲ್ಲ.

ಚಕ್ರದಕ್ಕನಿಗೆ ಮ್ಯಾನೇಜರರ ಮೇಲೆ, ಗಾಳಿಯ ಮೇಲೆ, ಕಡೆಗೆ ಆ ಸಿಮ್ಯುಲೇಟರಿನ ಮೇಲೂ ಸಿಟ್ಟು ಬಂತು. ಹುಡುಗನ ಜೀವ ತಿನ್ನಲು ಎಲ್ಲ ಸೇರಿ ಪಣ ತೊಟ್ಟಿವೆಯೇ ಎಂದುಕೊಂಡು, ಹಲ್ಲು ಕಡಿಯುತ್ತ ಸೆಟ್ಟಿಂಗು ತೆರೆದು ಸ್ಪ್ರಿಂಗನ್ನು ಒಂಚೂರು ಮೆತ್ತಗೆ ಮಾಡಿದಳು. ಡ್ಯಾಂಪರ್ ಒಂಚೂರು ಬಿಗಿ. ಮುರಿಯುವ ಮಿತಿ ಒಂಚೂರು ಮೇಲೆ. ತಮ್ಮನ ತೋಳು ಹಿಡಿದು ಎಳೆದು ತಂದು ಕೂರಿಸಿದಳು. ಈ ಸಲ ವಿಮಾನ ಒಮ್ಮೆ ತೂಗಾಡಿ ನಿಂತಿತು. ಅವನ ಮುಖದಲ್ಲಿ ಎಷ್ಟೋ ಕಾಲದ ಮೇಲೆ ಬೆಳಕು ಕಂಡಿತು, ಅಂದು ಎರಡನೇ ಸಲ ಅನ್ನ ಬಡಿಸಿಕೊಂಡ.

ಅಲ್ಲಿಗೆ ನಿಲ್ಲಿಸಿದ್ದರೆ ಸರಿ ಇರುತ್ತಿತ್ತು. ಧೈರ್ಯ ಬರಲಿ, ಆಮೇಲೆ ಮತ್ತೆ ಬಿಗಿ ಮಾಡಿದರಾಯಿತು ಎಂಬ ಲೆಕ್ಕಾಚಾರ ಅವಳದು. ಬಿಗಿ ಮಾಡುವ ದಿನ ಬರಲೇ ಇಲ್ಲ. ಅವನು ಕೊಂಚ ತಪ್ಪಿದರೆ ಇವಳ ಕರುಳು ಚುರ್ ಎನ್ನುತ್ತಿತ್ತು, ಅವನು ಸ್ನಾನಕ್ಕೆ ಹೋದಾಗ ಇನ್ನೊಂಚೂರು ಸಡಿಲಿಸುತ್ತಿದ್ದಳು. ಕೊನೆಗೆ ಆ ಕಾಲು ಎಂಥ ಹೊಡೆತವನ್ನೂ ನುಂಗಿಕೊಳ್ಳುವಂತಾಯಿತು. ತಮ್ಮ ಸೀಟಿ ಹೊಡೆಯುತ್ತ ಇಳಿಸತೊಡಗಿದ. ಅದನ್ನು ಕೇಳಿದಾಗಲೆಲ್ಲ ಅವಳಿಗೆ ಹಿತವೂ ಆಗುತ್ತಿತ್ತು, ತಾನು ಸಡಿಲಿಸಿದ್ದರ ನೆನಪೂ ಆಗುತ್ತಿತ್ತು. ಆ ಎರಡನೆಯದಕ್ಕೆ ಸಿಟ್ಟು ಬಂದು ಶೆಡ್ಡಿನಲ್ಲಿ ಯಾರ ಮೇಲಾದರೂ ಹರಿಹಾಯುತ್ತಿದ್ದಳು.

ಪರೀಕ್ಷೆ ಇನ್ನೇನು ನಾಳಿದ್ದು ಎನ್ನುವ ರಜೆಯ ದಿನ, ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತ ಕೋಣೆಗೆ ಬಂದಳು.

“ನಾನೊಂದ್ಸಲ ಕೂರ್ಲಾ?” ಎಂದಳು ಗಂಡನಿಗೆ.

“ಸೈಕಲ್ ಓಡಿಸೋಕೆ ಬರಲ್ಲ, ವಿಮಾನ ಬೇಕಾ ನಿಂಗೆ?” ಎಂದು ನಗುತ್ತ ಅವನು ಎದ್ದು ಜಾಗ ಕೊಟ್ಟ. ರನ್‌ವೇ ಎದುರಿಗೆ ಕಾಣುವ ಹಾಗೆ ವಿಮಾನವನ್ನು ಇಟ್ಟುಕೊಟ್ಟ. ಅವಳು ಕೋಲನ್ನು ಹಿಟ್ಟಿನ ಮುದ್ದೆ ಹಿಡಿದಂತೆ ಹಿಡಿದಳು. ಮೂಗು ಎತ್ತಲಿಲ್ಲ, ವೇಗ ತಗ್ಗಿಸಲಿಲ್ಲ, ಕೊನೆಗೆ ಕಣ್ಣನ್ನೇ ಮುಚ್ಚಿಕೊಂಡಳು. ಬಾವಿಗೆ ಬಿದ್ದ ಬಿಂದಿಗೆಯಂತೆ ವಿಮಾನ ನೆಲಕ್ಕೆ ಬಿತ್ತು. ಬಿದ್ದು, ಒಂಚೂರು ಕುಗ್ಗಿ, ಸಾಧುವಾಗಿ ಮುಂದಕ್ಕೆ ಓಡಿತು.

“ಅಕ್ಕ, ನೋಡಿದ್ರಾ, ನಾನೂ ಇಳಿಸ್ಬಿಟ್ಟೆ” ಎಂದು ಅವಳು ನಗುತ್ತ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ಚಕ್ರದಕ್ಕನ ಮುಖ ಕಂಡು ನಗು ನಿಲ್ಲಿಸಿದಳು.

ತಮ್ಮ ಹೆಂಡತಿಯನ್ನು ಎಬ್ಬಿಸಿ ತಾನು ಕೂತ. ಬೇಕೆಂದೇ ಕಲ್ಲು ಎಸೆದಂತೆ ವಿಮಾನವನ್ನು ನೆಲಕ್ಕೆ ಬಿಟ್ಟ. ಅದು ಆಗಲೂ ಸಾಧುವಾಗಿ ಓಡಿತು.

“ಯಾವಾಗಿಂದ?” ಎಂದ.

“ಏನು ಯಾವಾಗಿಂದ?”

“ಅಕ್ಕ, ಆಟ ಆಡಬೇಡ. ಈ ಕಾಲು ಯಾವಾಗಿಂದ ಹೀಗಿದೆ?”

ತಪ್ಪು ಮಾಡಿ ಸಿಕ್ಕಿಬಿದ್ದಾಗ ತಲೆ ತಗ್ಗಿಸುವ ಜಾಯಮಾನ ಅವಳದಲ್ಲ. “ಅನ್ನ ಬಿಟ್ಟು ಗೋಡೆ ನೋಡ್ತಾ ಬಿದ್ದಿದ್ಯಲ್ಲ, ಆವಾಗಿಂದ. ಇನ್ನೇನು ಮಾಡಬೇಕಿತ್ತು ನಾನು? ನೀನು ಸಾಯೋದನ್ನ ನೋಡ್ತಾ ಕೂರಬೇಕಿತ್ತಾ?”

“ಮುರಿಯೋಕೆ ಬಿಡಬೇಕಿತ್ತು.”

“ಬಾಯಿ ಮುಚ್ಚು. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ನಾಳಿದ್ದು ಶೆಡ್ಡಿನಲ್ಲಿರೋ ಕಾಲೂ ಮೆತ್ತಗೆ ಮಾಡ್ತೀಯಾ? ನನ್ನ ಕೈಗೆ ತಪ್ಪು ಪಾಠ ಕಲಿಸಿಬಿಟ್ಟೆ ನೀನು. ಹೇಗೆ ಬಿದ್ದರೂ ಸರಿ ಅಂತ ಇದು ನಂಬಿಕೊಂಡು ಕೂತಿದೆ ಈಗ.” ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ, “ನನ್ನ ಕೈ ಹೋಯ್ತು ಅಂತ ಮ್ಯಾನೇಜರ್ ಅಂದಿದ್ದಕ್ಕೆ ಅವರ ಮೇಲೆ ಹಾರಾಡಿದ್ಯಲ್ಲ. ನೀನೂ ಹಾಗೇ ಅಂದ್ಕೊಂಡಿದ್ದೆ ಅಕ್ಕ. ಅವರು ಬಾಯಿಬಿಟ್ಟು ಅಂದ್ರು, ನೀನು ಅನ್ನಲಿಲ್ಲ. ಅಷ್ಟೇ ವ್ಯತ್ಯಾಸ.”

ಕೆನ್ನೆಗೆ ಹೊಡೆಸಿಕೊಂಡಿದ್ದರೂ ಚಕ್ರದಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲ. ಸುಳ್ಳು ಎನ್ನೋಣವೆಂದರೆ ಅದು ಸುಳ್ಳಾಗಿರಲಿಲ್ಲ. ಕೀಲಿಮಣೆಯನ್ನು ಎಳೆದುಕೊಂಡು, ಕುಟ್ಟುವಂತೆ ಒತ್ತುತ್ತ, ನಿಜವಾದ ಸೆಟ್ಟಿಂಗುಗಳನ್ನೆಲ್ಲ ವಾಪಸು ತುಂಬಿದಳು. “ತಗೋ, ಮುರ್ಕೋ” ಎಂದು ಹೊರಗೆ ಹೋದಳು.

ಅವನು ಮುರಿದುಕೊಂಡ. ಅಂದೂ ಮಾರನೆಯ ದಿನವೂ ಹಿಂದಿನ ಕೋಣೆಯಿಂದ ಧಡ್, ಟಣ್ ಎಂಬ ಸದ್ದು ಬರುತ್ತಲೇ ಇತ್ತು. ಚಕ್ರದಕ್ಕ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಪ್ರತಿ ಸದ್ದಿಗೂ ಅವಳ ಬೆರಳು ತುಡಿಯುತ್ತಿದ್ದವು. ಒಂಚೂರು, ಒಂದೇ ಒಂಚೂರು ಸಡಿಲಿಸಿದರೆ ಸಾಕಿತ್ತು. ತಮ್ಮ ಮಾತ್ರ ಈ ಸಲ ಎದ್ದುಹೋಗಲಿಲ್ಲ. ಒಂದೊಂದು ಸಲ ಮುರಿದಾಗಲೂ ಕೆಟ್ಟದಾಗಿ ಬೈದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಬೈಗುಳಗಳಲ್ಲಿ ಎಷ್ಟೋ ಅವಳವೇ.

ಪರೀಕ್ಷೆಯ ದಿನ ಶೆಡ್ಡಿಗೆ ಬರಬೇಡ ಎಂದಿದ್ದ. ಅವಳು ರಜೆ ಹಾಕಿ ಮನೆಯಲ್ಲೇ ಶತಪಥ ತಿರುಗಿದಳು. ಮಧ್ಯಾಹ್ನ ಅವನು ಬಂದು ಶೂ ಬಿಚ್ಚುತ್ತ, “ಫೇಲ್” ಎಂದ. “ಕಾಲು ಮುರೀಲಿಲ್ಲ. ಆದ್ರೆ ಎರಡು ಸಲ ಎಗರ್ತು. ಇನ್ನೂ ಕಲೀಬೇಕು, ಆಮೇಲೆ ಬಾ ಅಂದ್ರು.”

ತಮ್ಮನ ಹೆಂಡತಿ ನೀರು ತಂದುಕೊಟ್ಟಳು. ಚಕ್ರದಕ್ಕ ಆಗಲೇ ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. “ಎಗರೋದು ಯಾರಿಗೆ ಆಗಲ್ಲ? ಆ ಪರೀಕ್ಷಕನೇನು ಆಕಾಶದಿಂದ ಇಳಿದು ಬಂದಿದಾನಾ? ಅವನ ಮುಖದ ಮೇಲೇ ಕೇಳ್ತೀನಿ ಇವತ್ತು.”

“ಅಕ್ಕ, ಕೂತ್ಕೋ.”

“ನೀನು ಸುಮ್ನಿರು. ಇವರಿಗೆಲ್ಲ...”

“ಅವರು ಹೇಳಿದ್ದು ಸರಿ ಇದೆ. ಫೇಲಾಗಿರೋದು ನಾನು” ಎಂದ ತಮ್ಮ. ದನಿ ಏರಿಸಲಿಲ್ಲ. “ಅದನ್ನಾದ್ರೂ ನಂಗೆ ಬಿಡು.”

ಅವಳು ನಿಂತಲ್ಲೇ ನಿಂತಳು. ಅವನು ನೀರು ಕುಡಿದು, ಲೋಟ ಇಟ್ಟು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಇಂಜಿನ್ನಿನ ಸದ್ದು ಬಂತು. ಚಕ್ರದಕ್ಕ ಚಪ್ಪಲಿ ಕಳಚಿ ಕುರ್ಚಿಯಲ್ಲಿ ಕೂತಳು. ಸಿಟ್ಟು ಮೈಯೆಲ್ಲ ತುಂಬಿಕೊಂಡಿತ್ತು, ಅದನ್ನು ಯಾರ ಮೇಲೆ ಹಾಕುವುದೆಂದು ಮಾತ್ರ ಜೀವನದಲ್ಲಿ ಮೊದಲ ಸಲ ಅವಳಿಗೆ ಹೊಳೆಯಲಿಲ್ಲ.