ಬಂಗಡೆ ಒಲೆಯ ಮೇಲೆ ಹಲಗೆ

ಸಂಜೆಯಾದರೂ ಸೆಕೆ ಇಳಿದಿರಲಿಲ್ಲ. ಕರಾವಳಿಯ ಈ ಮೀನುಗಾರರ ಸಂಘದ ವಾರ್ಷಿಕೋತ್ಸವಕ್ಕೆ ಕೊಪ್ಪಳ ಸೀಮೆಯ ತಾವರಗೇರಾದಿಂದ ಹಲಗೆ ಮೇಳ ಕರೆತಂದಿದ್ದೆ. ವೇದಿಕೆಯಲ್ಲಿ ಹೆಣ್ಣುಮಕ್ಕಳ ಕುಣಿತ ಮುಗಿದರೆ ಸರದಿ ನಮ್ಮದೇ. ಅಷ್ಟರಲ್ಲಿ ಮೇಳದ ಹಿರಿಯ ದುರಗಪ್ಪ ಹಲಗೆಗೆ ಒಂದು ಏಟು ಹಾಕಿದ. ಒದ್ದೆ ರಟ್ಟಿಗೆ ಹೊಡೆದಂಥ ಸದ್ದು. ನಮ್ಮೂರ ಬಿಸಿಲಲ್ಲಿ ಕಂಚಿನಂತೆ ಕೂಗುವ ಚರ್ಮ ಕಡಲ ಗಾಳಿಗೆ ಸಡಿಲಾಗಿತ್ತು.

"ಕಾಸಬೇಕ್ರಿ ಸರ, ಇಲ್ಲಂದ್ರ ಮಾನ ಹೋಗತೈತಿ," ಎಂದು ಹಳೇ ಪೇಪರಿಗೆ ಕಡ್ಡಿ ಗೀರಿದ.

ಸ್ವಯಂಸೇವಕನೊಬ್ಬ ಓಡಿಬಂದ. "ಬೆಂಕಿ ಬೇಡ ಮಾರಾಯ್ರೆ, ಪಕ್ಕದಲ್ಲೇ ಬಲೆಯ ರಾಶಿ ಉಂಟು!"

ನಾನು ವೇದಿಕೆ ನೋಡಿದೆ, ಗಡಿಯಾರ ನೋಡಿದೆ, ಮತ್ತೆ ವೇದಿಕೆ ನೋಡಿದೆ. ನಿಂತಲ್ಲಿ ನಿಲ್ಲಲಾಗಲಿಲ್ಲ.

ಪಕ್ಕದ ಅಂಗಡಿಯಲ್ಲಿ ಬಂಗಡೆ ಹುರಿಯುತ್ತಿದ್ದ ಹೆಂಗಸು ತಟ್ಟನೆ ಒಲೆಯಿಂದ ಕಾವಲಿ ಇಳಿಸಿದಳು. "ಇಲ್ಲಿ ಹಿಡೀರಿ."

ತಟ್ಟೆ ಹಿಡಿದು ನಿಂತ ಸಾಲು ಗೊಣಗೀತೆಂದು ಹೆದರಿದೆ. ಆದರೆ ಎಲ್ಲರೂ ಕತ್ತು ಚಾಚಿ ನೋಡತೊಡಗಿದರು. ದುರಗಪ್ಪ ಕೆಂಡದ ಮೇಲೆ ಹಲಗೆಯನ್ನು ತಿರುಗಿಸಿ ತಿರುಗಿಸಿ ಕಾಸಿದ. ಬೆರಳು ತಾಗಿಸಿದರೆ ಠಣ್ಣೆಂದಿತು. ಮೈಕು ನಮ್ಮನ್ನು ಕರೆಯಿತು.

"ನಡೀರಿ, ನಡೀರಿ," ಎಂದೆ.

"ಅಲ್ಲಿಗಿ ಹೋಗೂದ್ರಾಗ ಮತ್ತ ಮೆತ್ತಗಾಗತೈತ್ರಿ," ಎಂದವನೇ ಒಲೆಯ ಬದಿಯಲ್ಲೇ ಬಾರಿಸತೊಡಗಿದ. ಉಳಿದವರೂ ಒಬ್ಬೊಬ್ಬರಾಗಿ ಹಲಗೆ ಕಾಸಿಕೊಂಡು ಸೇರಿಕೊಂಡರು. ಮೀನಿನ ಸಾಲು ಮುರಿದು ಗುಂಪಾಯಿತು. ವೇದಿಕೆಯ ಮುಂದಿನ ಕುರ್ಚಿಗಳು ಒಂದೊಂದಾಗಿ ಇತ್ತ ತಿರುಗಿದವು.

ಮೈಕು ಮತ್ತೆ ನಮ್ಮನ್ನು ಕೂಗಿತು. ಆ ಹೆಂಗಸು ಒಲೆಗೆ ಇನ್ನೊಂದು ಹಿಡಿ ಇದ್ದಿಲು ಸುರಿದಳು. ಕಾವಲಿ ಇನ್ನೂ ನೆಲದ ಮೇಲೇ ಇತ್ತು.