ಅಪ್ಪ ಓದಿ ಬರೆಸಿದ ಫೇರ್ ಕಾಪಿ

ಪ್ರತಿ ಸೋಮವಾರ ಬೆಳಿಗ್ಗೆ ಅಪ್ಪನ ಬೆರಳು ಚುಚ್ಚುವುದು ನನ್ನ ಕೆಲಸ. ಎಂಬತ್ತು ದಾಟಿದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿದೆ. ಈಗ ಕಲಬುರಗಿಯ ನನ್ನ ಮನೆಯಲ್ಲೇ ಇದ್ದಾನೆ. ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಅವನ ಉಂಗುರದ ಬೆರಳು ಒರೆಸುತ್ತೇನೆ. ಇನ್ನೇನು ಚುಚ್ಚಬೇಕು, ಅವನು ಕೈ ಹಿಂದೆಳೆದುಕೊಳ್ಳುತ್ತಾನೆ.

"ನಡುವ ಅಲ್ಲವ್ವಾ, ಬಗಲಾಗ ಚುಚ್ಚು. ನಡುವ ಚುಚ್ಚಿದ್ರ ಎರಡು ದಿನ ನೋಯ್ತದ. ಮೊದಲ ಸ್ಪಿರಿಟ್ ಆರಲಿ. ಏನ್ ಡಾಕ್ಟ್ರೋ ಏನೋ ನೀ!"

ನನ್ನ ಹೆಸರಿನ ಹಿಂದೆ 'ಡಾ.' ಇರುವುದು ನಿಜ. ರಕ್ತದೊಳಗಿನ ರೋಗಾಣುಗಳ ಬಗ್ಗೆ ಪಾಠ ಹೇಳಿ ಹೊಟ್ಟೆ ಹೊರೆಯುವವಳು ನಾನು. ಈ ದಾರಿಗೆ ಹೇಗೆ ಬಂದಿರಿ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಒಂದು ಕತೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು ಕತೆ. ನಿಜವಾದದ್ದನ್ನು ನಿಮಗಾದರೂ ಹೇಳಿಬಿಡುತ್ತೇನೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ಅದು ಗಂಟಲಿಗೆ ಬಂದು ನಿಲ್ಲುತ್ತದೆ.

ಅಪ್ಪ ಮಲೇರಿಯಾ ಇಲಾಖೆಯ ಕೆಳಗಿನ ನೌಕರ. ನಾವು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿದ್ದೆವು. ಕಾಲುವೆ ಬಂದ ಹೊಸತು. ಜೋಳದ ಹೊಲಗಳಲ್ಲಿ ನೀರು ನಿಂತು ಭತ್ತ ಬಂತು, ಭತ್ತದ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಸೈಕಲ್ ಮೇಲೆ ನನ್ನ ಅಪ್ಪ ಬಂದ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಮುಂದೆ ನಿಂತು ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಬೇಕು. ಬಂದಿದ್ದರೆ ಬೆರಳು ಚುಚ್ಚಿ, ಒಂದು ಹನಿ ಗಾಜಿನ ಪಟ್ಟಿಗೆ ಬಳಿದುಕೊಂಡು, ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಮುಂದಿನ ಮನೆಗೆ ಹೋಗಬೇಕು. "ನೆತ್ತರ ಮಾಸ್ತರ ಬಂದಾನ, ಕೂಸಿನ್ನ ಒಳಗ ಕರ್ಕೋರೇ" ಎಂದು ಹೆಂಗಸರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಹೈಸ್ಕೂಲಿನ ಮುಂದೆ ಅವನ ಸೈಕಲ್ ಬಂದರೆ ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸುತ್ತಿದ್ದೆ. ಎಂಥ ಜಂಭ ನೋಡಿ, ಆ ಚೀಲ ಕೊಡಿಸಿದವನೂ ಅವನೇ.

ಸರ್ಕಾರಿ ರಿಜಿಸ್ಟರ್ ಅಲ್ಲದೆ ಅವನ ಹತ್ತಿರ ಇನ್ನೊಂದು ನೋಟ್‌ಬುಕ್ ಇತ್ತು. ಅದನ್ನು ಕಚ್ಚಾ ಬುಕ್ ಎನ್ನುತ್ತಿದ್ದ. ವನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಯಾವ ಮನೆಗೆ ಯಾವಾಗ ಜ್ವರ ಬಂತು ಎಂದು ಅದರಲ್ಲಿ ಮೂರು ವರ್ಷ ಬರೆದಿದ್ದ. ಯಾರೂ ಬರೆಯೆಂದು ಹೇಳಿರಲಿಲ್ಲ.

"ಹರಿಯೋ ನೀರಿಂದು ತಕರಾರಿಲ್ಲವ್ವಾ," ಎಂದು ಒಮ್ಮೆ ಉಣ್ಣುತ್ತ ಹೇಳಿದ್ದ. "ಕಾಲುವಿ ಒಡ್ಡಿಗಂತ ಮಣ್ಣು ತಗದು ತೆಗ್ಗು ಹಂಗೇ ಬಿಟ್ಟಾರಲ್ಲ, ಅದರ ಬಾಜು ಮನಿಗೋಳಿಗೇ ಜ್ವರ ಜಾಸ್ತಿ. ಸಾಹೇಬ್ರಿಗೆ ಹೇಳಿದೆ. ಹೇಳಿದಷ್ಟು ಮಾಡಪಾ ಅಂದ್ರು."

ಯಾದಗಿರಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ದೂರದೊಂದು ವಿಶ್ವವಿದ್ಯಾಲಯದ ಬಯೋಮೆಡಿಕಲ್ ಸೈನ್ಸಸ್ ಎಂ.ಎಸ್ಸಿ.ಗೆ ಅರ್ಜಿ ತರಿಸಿದೆ. ಅದರಲ್ಲೊಂದು ಪ್ರಶ್ನೆ: ನೀವು ಸ್ವತಃ ನಡೆಸಿದ ಯಾವುದಾದರೂ ಅಧ್ಯಯನದ ಬಗ್ಗೆ ಬರೆಯಿರಿ. ನಾನೇನು ನಡೆಸಿದ್ದೆ, ಮಣ್ಣು! ನಮ್ಮ ಕಾಲೇಜಿನ ಒಂದೇ ಒಂದು ಸೂಕ್ಷ್ಮದರ್ಶಕದಲ್ಲಿ ಸರದಿ ನಿಂತು ಈರುಳ್ಳಿ ಸಿಪ್ಪೆ ನೋಡಿದ್ದೆ, ಅಷ್ಟೆ. ಎರಡು ದಿನ ಪೆನ್ ಕಚ್ಚಿ, ಮೂರನೆಯ ದಿನ ಬರೆದೆ: ನಾನು ಮೂರು ವರ್ಷ ಮನೆಮನೆಗೆ ಹೋದೆ, ನಾನು ರಕ್ತ ಸಂಗ್ರಹಿಸಿದೆ, ತೆಗ್ಗುಗಳ ವಿಷಯ ನಾನು ಕಂಡುಕೊಂಡೆ. ಅಪ್ಪನ ಹೆಸರು ತಂದೆಯ ಹೆಸರಿನ ಕಾಲಂನಲ್ಲಿ ಮಾತ್ರ ಬಂತು.

ಸಂದರ್ಶನದ ಪತ್ರ ಬಂತು. ಟಿಪ್ಪಣಿಗಳನ್ನು ಜೊತೆಗೆ ತರಬೇಕು ಎಂದಿತ್ತು. ಇದ್ದ ಟಿಪ್ಪಣಿಯೆಲ್ಲ ಅಪ್ಪನ ಕೈಬರಹದಲ್ಲಿತ್ತು.

"ಅಪ್ಪಾ, ನಿನ್ನ ಕಚ್ಚಾ ಬುಕ್ಕಿಂದು ಫೇರ್ ಕಾಪಿ ಬೇಕಾಗ್ಯದ," ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಇಲಾಖೆಯಲ್ಲಿ ಅವನು ಕಂಡ ಪದ್ಧತಿಯೇ ಹಾಗಿತ್ತು. ಊರೂರು ಸುತ್ತಿದವನು ಕಚ್ಚಾ ಬರೆದು ತಂದು ಓದಬೇಕು, ಮೇಲಿನವರು ಕುರ್ಚಿಯಲ್ಲಿ ಕೂತು ಫೇರ್ ಬರೆಯಬೇಕು, ಕೆಳಗೆ ಅವರ ಸಹಿ. ಸುತ್ತಿದವನ ಹೆಸರು ಎಲ್ಲಿಯೂ ಇರುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಚಾಪೆ ಹಾಸಿಕೊಂಡು ಕೂತೆವು. "ಮನಿ ನಂಬರ್ ಹದಿನಾಲ್ಕು. ಹೆಣ್ಣುಮಗಳು. ಚಳಿಜ್ವರ. ತೆಗ್ಗಿಗೆ ಇಪ್ಪತ್ತು ಹೆಜ್ಜಿ." ಹೆಜ್ಜೆಗಳನ್ನು ಅವನೇ ನಡೆದು ಎಣಿಸಿದ್ದ. ಹದಿನೇಳನೆಯ ಮನೆ ತೆಗ್ಗಿನ ಅಂಚಿಗೇ ಇತ್ತು, ಆದರೆ ಆ ಮೂರು ವರ್ಷದಲ್ಲಿ ಅಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ಅರ್ಜಿಯಲ್ಲಿ ನಾನು ಬರೆದ ಮಾತಿಗೆ ಅದು ಅಡ್ಡ ಬರುತ್ತಿತ್ತು. ಅಪ್ಪ ಓದಿದ. ನಾನು ಬರೆಯುವವಳಂತೆ ಪೆನ್ ಆಡಿಸಿ, ಆ ಮನೆಯನ್ನು ಬರೆಯದೆ ಬಿಟ್ಟೆ. ಎಲ್ಲ ಮುಗಿದ ಮೇಲೆ ಅಪ್ಪ ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿ ನೋಡಿ, ಬುಕ್ಕು ನನ್ನ ಕಡೆ ಸರಿಸಿದ.

"ಸಹಿ ಮಾಡವ್ವಾ. ಫೇರ್ ಕಾಪಿಗೆ ಬರದವರದೇ ಸಹಿ ಇರಬೇಕು."

ಮಾಡಿದೆ. ಅವನಿಗೆ ಇದೆಲ್ಲ ತಿಳಿಯುವುದಿಲ್ಲ ಬಿಡು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಇವತ್ತಿಗೂ ನನಗೆ ಹೆಚ್ಚು ನಾಚಿಕೆಯಾಗುವುದು ಆ ಸಮಾಧಾನದ ಬಗ್ಗೆ.

ಸಂದರ್ಶನದಲ್ಲಿ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು ಬುಕ್ಕು ತಿರುವಿ ಮೆಚ್ಚಿಕೊಂಡು ಕೇಳಿದರು: "ಬೆರಳಿನಲ್ಲಿ ಎಲ್ಲಿ ಚುಚ್ಚುತ್ತಿದ್ದಿರಿ?" ನಾನು ಕೈ ಚಾಚಿ, ಬೆರಳ ತುದಿಯ ನಟ್ಟನಡುವೆ ತೋರಿಸಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಸರಿ" ಎಂದರು. ಸೀಟು ಸಿಕ್ಕಿತು. ಕ್ಯಾಂಪಿಗೆಲ್ಲ ಅಪ್ಪ ಪೇಡೆ ಹಂಚಿದ.

ಕಚ್ಚಾ ಬುಕ್ಕನ್ನು ಯಾವತ್ತೋ ಗೆದ್ದಲು ತಿಂದಿತು. ಉಳಿದದ್ದು ನನ್ನ ಸಹಿ ಇರುವ ಫೇರ್ ಕಾಪಿ ಒಂದೇ. ಇಷ್ಟು ವರ್ಷ ಅದು ಸೀರೆಗಳ ಅಡಿಯಲ್ಲಿತ್ತು. ಮೊನ್ನೆ ಸೋಮವಾರ ಅಪ್ಪ ಬೆರಳು ಹಿಂದೆಳೆದುಕೊಂಡು "ಬಗಲಾಗ ಚುಚ್ಚು" ಎಂದಾಗ ನನಗೆ ತಡೆಯಲಾಗಲಿಲ್ಲ. ಸೂಜಿ ಕೆಳಗಿಟ್ಟು, ಬುಕ್ಕು ತಂದು ಅವನ ಮುಂದೆ ಹಿಡಿದೆ.

"ಅಪ್ಪಾ, ಇದು ನಂದು ಅಂತ ಸುಳ್ಳು ಹೇಳಿ ಸೀಟು ತಗೊಂಡೀನಿ. ತಪ್ಪಾಯ್ತು. ಇಲ್ಲಿ ನೀ ಸಹಿ ಮಾಡು."

ಅವನು ಕನ್ನಡಕ ಹಾಕಿಕೊಂಡ. ಹಾಳೆಗಳನ್ನು ನಿಧಾನವಾಗಿ ತಿರುವಿದ. ಒಂದು ಕಡೆ ಹೆಬ್ಬೆರಳು ನಿಂತಿತು.

"ಹದಿನೇಳನೇ ಮನಿ ಬಿಟ್ಟೀದಿ."

"ನಿನಗ ಗೊತ್ತಿತ್ತಾ?"

"ಅವತ್ತೇ ನೋಡೀನಿ."

"ಮತ್ತ ಯಾಕ ಹೇಳಲಿಲ್ಲ?"

"ಸಹಿ ನಿಂದಿತ್ತಲ್ಲವ್ವಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪೆನ್ ಅವನ ಕೈಗೆ ಕೊಡಲು ಹೋದೆ. ಅವನು ಅದನ್ನು ನನ್ನ ಕಡೆಗೇ ತಿರುಗಿಸಿದ.

"ಮೊದಲ ಆ ಮನಿ ಬರಿ. ನಂಬರ್ ಹದಿನೇಳು. ಐದು ಮಂದಿ. ತೆಗ್ಗಿಗೆ ಎಂಟು ಹೆಜ್ಜಿ. ಜ್ವರ ಇಲ್ಲ."

ಹಾಳೆಯ ಅಂಚಿನಲ್ಲಿ ಬರೆದೆ. ಬರೆದು ಮತ್ತೆ ಪೆನ್ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ಎಲ್ಲಾ ಓದಿ ಹೇಳು. ಕೇಳಿ ಆಮ್ಯಾಲ ಸಹಿ ಮಾಡ್ತೀನಿ."

ಮೊದಲ ಪುಟದಿಂದ ಓದತೊಡಗಿದೆ. ಕಾಲೇಜಿಗೆ ಅವತ್ತು ಹೋಗಲಿಲ್ಲ.